ಕೊನೆಯ ನುಡಿಯಲ್ಲಿ ಬರುವ ಹೆಸರು

ಕುರ್ಡಿಯ ಗದ್ದೆಪ್ಪನನ್ನು ಯಾರಾದರೂ ಹಾಡುಗಾರ ಎಂದು ಪರಿಚಯಿಸಿದರೆ ಅವನೇ ನಡುವೆ ಬಾಯಿ ಹಾಕಿ, ಹಾಡುಗಾರ ವಲಿ ಪಾಷಾ, ನಾನು ಹಿಂದೆ ಹಿಡಿಯುವವನು ಎಂದು ತಿದ್ದುತ್ತಿದ್ದ. ಅದರಲ್ಲಿ ಸಂಕೋಚವಾಗಲಿ ಕೊರಗಾಗಲಿ ಇರಲಿಲ್ಲ. ಹೋಳಿಗೆಗೆ ಹೂರಣ ಅರೆಯುವವರು ಒಬ್ಬರು, ತಟ್ಟುವವರು ಒಬ್ಬರು. ಅದಕ್ಕೆ ಯಾರೂ ಜಗಳ ಆಡುವುದಿಲ್ಲವಲ್ಲ, ಹಾಗೆ.

ಅವರದು ಹರಿಗೋಲು ಕಲಾ ಬಳಗ. ರಾಯಚೂರಿನಲ್ಲಿ ಧರಣಿ ಇರಲಿ, ಮಾನ್ವಿಯಲ್ಲಿ ಕೂಲಿಯವರ ಮೆರವಣಿಗೆ ಇರಲಿ, ದೇವದುರ್ಗದಲ್ಲಿ ಭೀಮ ಜಯಂತಿ ಇರಲಿ, ಮೊದಲು ಕೇಳುತ್ತಿದ್ದುದು ಗದ್ದೆಪ್ಪನ ಹಲಗೆ. ಆಮೇಲೆ ಬಂದೇನವಾಜನ ಹಾರ್ಮೋನಿಯಂ. ಇವೆರಡೂ ಕಾದ ಮೇಲೆ ವಲಿ ಪಾಷಾ ನುಡಿ ಎತ್ತುತ್ತಿದ್ದ. ದೇವದುರ್ಗದ ಹಳೆಯ ಬಸ್ ನಿಲ್ದಾಣದ ಬಳಿ ಬೀಗ ರಿಪೇರಿ ಮಾಡುವ ಸಣ್ಣ ಅಂಗಡಿ ಅವನದು. ಮನೆಯಲ್ಲಿ ಆಡುವುದು ದಖ್ಖನಿ ಉರ್ದು, ಹಾಡು ಕಟ್ಟುವುದು ಕನ್ನಡದಲ್ಲಿ. ಅವನು ಅರ್ಧ ಸಾಲು ಹಾಡಿ ಉಸಿರಿಗೆಂದು ಬಿಟ್ಟರೆ ಉಳಿದರ್ಧವನ್ನು ನೆಲಕ್ಕೆ ಬೀಳಗೊಡದೆ ಗದ್ದೆಪ್ಪ ಹಿಡಿಯುತ್ತಿದ್ದ. ಹರೆಯದಿಂದ ಗಡ್ಡ ಬೆಳ್ಳಗಾಗುವವರೆಗೆ ಇಬ್ಬರೂ ಹೀಗೆಯೇ ಒಂದು ಸಾಲನ್ನು ಹಂಚಿಕೊಂಡು ಬಂದಿದ್ದರು.

ಹಾಡಿನ ಕೊನೆಯ ನುಡಿಯಲ್ಲಿ ಕಟ್ಟಿದವನ ಊರು, ಹೆಸರು ಬರಬೇಕು. ಆ ಸೀಮೆಯ ಪದ್ಧತಿಯೇ ಅದು. ‘ಹೆಸರು ಕೇಳಿದರ ಹೇಳ್ರಿ ದೇವದುರ್ಗದ ವಲಿ’ ಎಂದು ವಲಿ ಪಾಷಾ ಎತ್ತಿದನೆಂದರೆ ಹಾಡು ಮುಗಿಯಿತು ಎಂದು ಜನಕ್ಕೆ ಗೊತ್ತಾಗುತ್ತಿತ್ತು. ಹೆಂಗಸರು ತೊಡೆಯ ಮೇಲೆ ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಆ ಸಾಲನ್ನು ಮಾತ್ರ ಗದ್ದೆಪ್ಪ ಅರ್ಧ ಹಿಡಿಯದೆ ಪೂರ್ತಿ ತಿರುಗಿಸಿ ಹೇಳಬೇಕು. ಎಷ್ಟು ಸಾವಿರ ಸಲ ಹೇಳಿದ್ದನೋ! ತನ್ನ ಹೆಸರನ್ನು ಅಷ್ಟು ಸಲ ಅವನು ಜನ್ಮದಲ್ಲಿ ಉಚ್ಚರಿಸಿರಲಿಲ್ಲ.

ವಲಿ ಪಾಷಾ ಹೋದ ವರ್ಷ ರಂಜಾನಿಗೆ ಮುಂಚೆ ತೀರಿಕೊಂಡ. ಅಂಗಡಿಯಲ್ಲಿ ಕೂತವನು ಕೂತ ಹಾಗೆಯೇ ಪಕ್ಕಕ್ಕೆ ವಾಲಿದ. ಗದ್ದೆಪ್ಪ ಮಣ್ಣಿಗೆ ಹೋಗಿ ಬಂದ. ಬಂದ ಮೇಲೆ ಹಲಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟ.

ಆಗ ಅವನು ಮಾನ್ವಿಯಲ್ಲಿ ಮಗನ ಬಾಡಿಗೆ ಮನೆಯಲ್ಲಿದ್ದ. ದುಡಿಯುತ್ತಿದ್ದ ಹತ್ತಿ ಜಿನ್ನಿಂಗ್ ಮಿಲ್ಲಿನ ಧೂಳು ಎದೆಗೆ ಕೂತು ಕೆಮ್ಮು ಹತ್ತಿದ ಮೇಲೆ ಮಗ ಆನಂದನೇ ಕೆಲಸ ಬಿಡಿಸಿದ್ದ. ಹೆಂಡತಿ ದುರುಗಮ್ಮ ಇಲ್ಲವಾಗಿ ಕೆಲವು ವರ್ಷ ಆಗಿತ್ತು. ಆನಂದ ಲೈನ್‌ಮನ್, ವಾರಗಟ್ಟಲೆ ಸಿಂಧನೂರಿನ ಕಡೆ ಇರುತ್ತಿದ್ದ. ಸೊಸೆ ಕಲ್ಯಾಣಿಗೆ ತಾಲೂಕು ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ವಲಿ ಪಾಷಾನ ಮಣ್ಣಾಗಿ ಎರಡು ತಿಂಗಳಿಗೆ ಅವಳಿಗೆ ಗಂಡು ಕೂಸು ಹುಟ್ಟಿತು. ರಜೆ ಮುಗಿದು ಅವಳು ಕೆಲಸಕ್ಕೆ ಹೋಗತೊಡಗಿದಾಗ ಕೂಸು ಅಜ್ಜನ ಪಾಲಿಗೆ ಬಂತು. ಎಲ್ಲರೂ ಅದನ್ನು ಗುಂಡ ಎಂದು ಕರೆಯುತ್ತಿದ್ದರು. ಗೌತಮ ಎಂಬ ಹೆಸರು ಲಸಿಕೆ ಕಾರ್ಡಿನಲ್ಲಿತ್ತು, ಇಲ್ಲವೆ ಅಜ್ಜನ ಬಾಯಲ್ಲಿತ್ತು.

ಕೂಸಿಗೆ ಮಧ್ಯಾಹ್ನದ ನಿದ್ದೆ ಎಂದರೆ ಆಗದು. ಸೀರೆಯ ಜೋಳಿಗೆಯಲ್ಲಿ ಹಾಕಿ ಎಷ್ಟು ತೂಗಿದರೂ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಗದ್ದೆಪ್ಪನಿಗೆ ಜೋಗುಳ ಗೊತ್ತಿರಲಿಲ್ಲ. ಅವನ ಮಕ್ಕಳಿಗೆ ಹಾಡಿದವಳು ದುರುಗಮ್ಮ. ಗೊತ್ತಿದ್ದ ಮೆರವಣಿಗೆಯ ಹಾಡನ್ನೇ ಹಾಡಿದರೆ ಕೂಸು ಇನ್ನಷ್ಟು ಎಚ್ಚರಗೊಂಡು ಕೈಕಾಲು ಬಡಿಯುತ್ತಿತ್ತು. ಹಾಗಾಗಿ ಜೋಳಿಗೆ ತೂಗುವ ಲಯಕ್ಕೆ ತಾನೇ ಒಂದೊಂದು ಮಾತು ಜೋಡಿಸತೊಡಗಿದ. ಮೊದಲು ಬಂದದ್ದು ಕೂಸಿನದೇ ಮಾತು:

‘ಮಲಕೊಳ್ಳೋ ಗೌತಮ, ಮಲಕೊಳ್ಳೋ
ಎಚ್ಚರಿರಾಕ ನಾವದೀವಿ.’

ಆಮೇಲಿನ ಹಾಡಿಗೆ ದುರುಗಮ್ಮ ಬಂದಳು. ಮಳೆಗಾಲದಲ್ಲಿ ಒಲೆಯ ಮುಂದೆ ಅವಳು ಕೂರುತ್ತಿದ್ದ ರೀತಿ ಬಂತು:

‘ಹಸಿ ಕಟಗಿ ಊದೂತ ಹೊಗಿಯಾಗ ಕುಂತಾಕಿ
ಖರೇನ ಅತ್ತರೂ ಹೊಗಿ ಅಂತಾರ.’

ಈ ಸಾಲು ಬಾಯಿಗೆ ಬಂದಾಗ ಅವನಿಗೆ ಸ್ವಲ್ಪ ಹೊತ್ತು ಹಗ್ಗ ಎಳೆಯುವುದಾಗಲಿಲ್ಲ. ಇದನ್ನು ತಾನೇ ಕಟ್ಟಿದೆನೋ, ಎಲ್ಲೋ ಕೇಳಿದ್ದೋ ಎಂದು ಹಿಂದೆ ಮುಂದೆ ನೋಡಿದ. ಯಾರೂ ಇರಲಿಲ್ಲ, ಅರ್ಧ ಸಾಲು ಎತ್ತಿ ಕೊಡುವವನೂ ಇರಲಿಲ್ಲ. ಸಾಲು ಪೂರ್ತಿ ಅವನಿಂದಲೇ ಹೊರಟು ಅವನಲ್ಲೇ ಮುಗಿದಿತ್ತು. ಆದರೆ ಕೊನೆಯ ನುಡಿಗೆ ಬಂದಾಗ ನಾಲಿಗೆ ತಾನಾಗಿಯೇ ಹಳೆಯ ದಾರಿ ಹಿಡಿಯಿತು. ಹೆಸರು ಕೇಳಿದರ ಹೇಳ್ರಿ ದೇವದುರ್ಗದ ವಲಿ. ಅವನಿಗೆ ಅದು ತಪ್ಪು ಅನ್ನಿಸಲಿಲ್ಲ. ಆ ಹೆಸರಿಲ್ಲದೆ ಹಾಡು ಮುಗಿಯುವುದಾದರೂ ಹೇಗೆ? ದಿನಕ್ಕೊಂದು ಸಲ ಗೆಳೆಯನ ಹೆಸರು ಬಾಯಲ್ಲಿ ಆಡುತ್ತಿತ್ತು, ಕೂಸು ಮಲಗುತ್ತಿತ್ತು. ಅಡುಗೆಮನೆಯಲ್ಲಿ ತನ್ನ ಡಬ್ಬಿ ಕಟ್ಟಿಕೊಳ್ಳುತ್ತ, ರಜೆಯ ದಿನ ಬಟ್ಟೆ ಹಿಂಡುತ್ತ, ಹಾಡು ಒಂದೊಂದಾಗಿ ಬೆಳೆದದ್ದನ್ನು ಕೇಳಿದವಳು ಕಲ್ಯಾಣಿ ಒಬ್ಬಳೇ.

ಚಳಿಗಾಲದಲ್ಲಿ ಒಂದು ದಿನ ಬಂದೇನವಾಜ್ ದೇವದುರ್ಗದಿಂದ ಬಂದ. ರಾಯಚೂರಿನ ಜಯಂತಿ ಸಮಿತಿಯವರು ಈ ಸಲ ಬಳಗವನ್ನು ಕರೆಯುವ ಬಗ್ಗೆ ಮೀನಮೇಷ ಎಣಿಸುತ್ತಿದ್ದಾರೆ, ಡಿಜೆ ತರಿಸುವ ಮಾತು ನಡೆದಿದೆ, ಹೊಸ ಹಾಡು ಏನಾದರೂ ಹೊರಗೆ ಬರದಿದ್ದರೆ ವಲಿ ಪಾಷಾನ ಜೊತೆ ನಮ್ಮನ್ನೂ ಮಣ್ಣು ಮಾಡಿದ ಹಾಗೆಯೇ ಎಂದ. ಗದ್ದೆಪ್ಪ ಜೋಳಿಗೆ ತೂಗುತ್ತಲೇ ಒಲೆಯ ಹಾಡು ಹೇಳಿದ. ತನ್ನದೆಂದು ಹೇಳಬೇಕೆಂದೇ ಇದ್ದ. ಮುಗಿಯಲಿ ಎಂದು ಕಾದಿದ್ದ. ಕೊನೆಯ ನುಡಿಯಲ್ಲಿ ಹೆಸರು ಬಂದದ್ದೇ ತಡ ಬಂದೇನವಾಜ್ ಹೆಗಲಿನ ವಸ್ತ್ರ ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಇಷ್ಟು ದಿವಸ ಒಬ್ಬನೇ ಎದೆಯಲ್ಲಿ ಇಟ್ಟುಕೊಂಡಿದ್ದೀಯಲ್ಲೋ, ಸಾಯುವ ಮುಂಚೆ ಅವನು ಇಂಥವು ಇನ್ನೆಷ್ಟು ಕೊಟ್ಟಿದ್ದಾನೆ ಎಂದು ಕೇಳಿದ.

ಅಳುವವನ ಮುಂದೆ ಏನು ಹೇಳುವುದು? ಆಮೇಲೆ ಹೇಳಿದರಾಯಿತು ಎಂದುಕೊಂಡು ಗದ್ದೆಪ್ಪ, ಇನ್ನೂ ಐದಾರು ಅವೆ ಎಂದ. ಆ ಮಾತು ಸುಳ್ಳಾಗಿರಲಿಲ್ಲ. ಆದರೆ ಅಲ್ಲಿಂದ ಮುಂದಿನದೆಲ್ಲ ಅದೇ ಮಾತಿಗೆ ನೇತುಬಿದ್ದಿತು.

ರಾಯಚೂರಿನ ತೀನ್ ಕಂದಿಲ್ ಕಡೆಯ ಒಂದು ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಆಯಿತು. ಗದ್ದೆಪ್ಪ ಜೀವನದಲ್ಲಿ ಮೊದಲ ಸಲ ಮುಂದಿನ ಮೈಕಿನ ಎದುರು ನಿಂತ. ಕೆಮ್ಮು ಬಂದಾಗೆಲ್ಲ ನಿಲ್ಲಿಸಿ, ಬಿಸಿನೀರು ಕುಡಿದು, ಮತ್ತೆ ಹಾಡಿದ. ದನಿ ಒಡಕಾಗಿತ್ತು ಎಂಬುದು ಅವನಿಗೂ ಗೊತ್ತಿತ್ತು. ಆ ಹಾಡುಗಳು ಒಡಕು ದನಿಯಲ್ಲೇ ಹುಟ್ಟಿದ್ದರಿಂದ ಅದೊಂದು ಕುಂದು ಅನ್ನಿಸಿರಲಿಲ್ಲ. ‘ಕೆಂಡ ಆರಿಲ್ಲ’ ಎಂದು ಬಂದೇನವಾಜ್ ಹೆಸರಿಟ್ಟ. ಯೂಟ್ಯೂಬಿಗೆ ಹಾಕಿದರು. ದೇವದುರ್ಗದ ಮೊಬೈಲ್ ಅಂಗಡಿಗಳವರು ಮೆಮೊರಿ ಕಾರ್ಡಿಗೂ ತುಂಬಿಕೊಟ್ಟರು. ಮುಖಪುಟಕ್ಕೆ ವಲಿ ಪಾಷಾನ ಫೋಟೋ.

ಜನ ಕೇಳಿದರು. ಬಳಗದ ಯಾವ ಹಾಡನ್ನೂ ಅಷ್ಟು ಜನ ಕೇಳಿರಲಿಲ್ಲ. ಊಟಕ್ಕೆ ಕೂತಾಗ ಕಲ್ಯಾಣಿ ಮೊಬೈಲಿನಲ್ಲಿ ಜನ ಬರೆದದ್ದನ್ನು ಓದಿ ಹೇಳತೊಡಗಿದಳು. ಮೊದಮೊದಲು ಉತ್ಸಾಹದಿಂದ, ಆಮೇಲೆ ನಡುನಡುವೆ ಕೆಲವನ್ನು ನುಂಗುತ್ತ. ವಲಿ ಸಾರ್ ಅಮರ ಎಂದು ಒಬ್ಬರು. ಒಲೆಯ ಹಾಡು ಕೇಳಿ ನಮ್ಮವ್ವನ ನೆನಪಾಯಿತು, ವಲಿ ಅಣ್ಣನ ಪಾದಕ್ಕೆ ನಮಸ್ಕಾರ ಎಂದು ಲಿಂಗಸುಗೂರಿನ ಯಾರೋ. ಬರೆದವನು ಹುಲಿ, ಹಾಡಿದವನು ಹಳೇ ಪಂಪ್‌ಸೆಟ್ಟು ಎಂದು ಮತ್ತೊಬ್ಬ. ಅದಕ್ಕೆ ನಗುವ ಮುಖಗಳ ಸಾಲು.

“ಪಂಪ್‌ಸೆಟ್ಟು ಅಂದಿದ್ದು ಬರೋಬರಿ ಅದ ಬಿಡವ್ವ,” ಎಂದು ಗದ್ದೆಪ್ಪ ರೊಟ್ಟಿ ಮುರಿದ. “ಚಾಲೂ ಆಗಾಕ ಹೊತ್ತು ಹಿಡಿತದ, ನೀರು ಮಾತ್ರ ಬರ್ತದ.”

ಕಲ್ಯಾಣಿ ನಕ್ಕಳು. ಅವನೂ ನಕ್ಕ. ಆದರೆ ಮುರಿದ ರೊಟ್ಟಿ ತಾಟಿನಲ್ಲೇ ಉಳಿಯಿತು.

ನಗು ಪೂರ್ತಿ ನಿಂತದ್ದು ಭಾನುವಾರದ ಪತ್ರಿಕೆಯಿಂದ. ಬರೆದವರು ಮಲ್ಲಯ್ಯ ಮೇಷ್ಟ್ರು, ರಾಯಚೂರಿನ ಕಾಲೇಜಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತರಾದವರು. ಬಳಗವನ್ನು ಅದರ ಹುಟ್ಟಿನಿಂದ ಬಲ್ಲವರು. ಧರಣಿಯಲ್ಲಿ ಇವರ ಜೊತೆ ನೆಲಕ್ಕೆ ಕೂತು ಚುರುಮುರಿ ತಿಂದವರು. ಅವರ ಮಾತಿಗೆ ಜಿಲ್ಲೆಯಲ್ಲಿ ತೂಕವಿತ್ತು. ಹಾಗಾಗಿಯೇ ಕಲ್ಯಾಣಿ ಪುಟ ತಂದು ಜೋರಾಗಿ ಓದಿದಳು.

ವಲಿ ಪಾಷಾ ಬಿಟ್ಟುಹೋದ ಈ ಪದಗಳು ಅವನ ಬಾಳಿನ ಶಿಖರ ಎಂದು ಬರೆದಿದ್ದರು. ಬೀದಿಯಲ್ಲಿ ಗುಡುಗಿದ ಕವಿ ಕೊನೆಗಾಲಕ್ಕೆ ಒಲೆಯ ಮುಂದೆ ಬಂದು ಕೂತಿದ್ದಾನೆ ಎಂದಿದ್ದರು. ಅದಕ್ಕಿಂತ ದೊಡ್ಡ ವಿಸ್ಮಯವೆಂದರೆ ಅವನು ಸಾವಿಗೆ ಮುನ್ನ ಬುದ್ಧನ ಕಡೆ ತಿರುಗಿದ್ದು: ‘ಮಲಕೊಳ್ಳೋ ಗೌತಮ’ ಎನ್ನುವಾಗ, ಲೋಕಕ್ಕೆ ಎಚ್ಚರ ಕೊಟ್ಟವನನ್ನೇ ಮಲಗೆಂದು ಹೇಳಿ ಆ ಎಚ್ಚರವನ್ನು ತಾನು ಹೊರುವ ಎದೆಗಾರಿಕೆ ಇಡೀ ಕನ್ನಡದಲ್ಲಿ ಅಪರೂಪ ಎಂದು ಒಂದು ದೊಡ್ಡ ಪ್ಯಾರಾವನ್ನೇ ಬರೆದಿದ್ದರು.

ಜೋಳಿಗೆಯಲ್ಲಿದ್ದ ಗೌತಮ ಹೆಬ್ಬೆರಳು ಚೀಪುತ್ತಿದ್ದ. ಕಲ್ಯಾಣಿ ಕೂಸನ್ನು ನೋಡಿದಳು, ಮಾವನನ್ನು ನೋಡಿದಳು. ಇಬ್ಬರಿಗೂ ತಡೆಯಲಾಗದ ನಗು ಬಂತು. ಕಣ್ಣೊರಸಿಕೊಂಡು ಅವಳು ಮುಂದೆ ಓದಿದಳು. ಮುಂದಿನದು ದನಿಯ ಬಗ್ಗೆ ಇತ್ತು. ಇಂಥ ಪದಗಳಿಗೆ ತಕ್ಕ ಕಂಠ ಸಿಗದಿರುವುದೇ ಈ ಸಂಗ್ರಹದ ದುರಂತ. ಗದ್ದೆಪ್ಪನವರದು ಹಿಂದೆ ನಿಲ್ಲುವ ದನಿ. ಅದು ಮುಂದೆ ಬಂದು ನಿಂತರೆ ಸತ್ತವನ ಜಾಗ ಇನ್ನಷ್ಟು ಖಾಲಿ ಕಾಣುತ್ತದೆ. ಊರು ಅಲುಗಿಸುತ್ತಿದ್ದ ಹಲಗೆ ಇಲ್ಲಿ ತೊಟ್ಟಿಲು ತೂಗುತ್ತಿದೆ. ಗೆಳೆಯನ ಆಸ್ತಿಯನ್ನು ಕಾಯುವುದು ಬೇರೆ, ಅದನ್ನು ಅನುಭವಿಸಲು ಹೊರಡುವುದು ಬೇರೆ.

ಕಲ್ಯಾಣಿ ಪುಟ ಮಡಚಿದಳು. ಮೇಷ್ಟ್ರಿಗೆ ಈಗಲೇ ಫೋನ್ ಮಾಡಿ ಹೇಳಬೇಕು, ಇಲ್ಲದಿದ್ದರೆ ತಾನೇ ಮಾಡುತ್ತೇನೆ ಎಂದಳು. ಹಾಡು ಹುಟ್ಟಿದ್ದನ್ನು ಕಿವಿಯಾರೆ ಕೇಳಿದವಳು ತಾನಿದ್ದೇನೆ ಎಂದಳು. ಸೊಸೆ ಮಾವನ ಪರ ಸಾಕ್ಷಿ ಹೇಳಿದರೆ ಯಾರು ನಂಬುತ್ತಾರೆ ಎಂದು ಗದ್ದೆಪ್ಪ ಅಂದ. ಅಂದದ್ದು ಮೆಲ್ಲಗೆ. ಒಡಕು ದನಿ ಎಂದದ್ದು ಅವನನ್ನು ಅಷ್ಟಾಗಿ ಕಚ್ಚಿರಲಿಲ್ಲ. ಆಸ್ತಿ ಎಂಬ ಮಾತು ಕಚ್ಚಿತ್ತು. ಅವನಿಗೆ ತನ್ನದು ಅಂತ ಇದ್ದದ್ದು ಇದೊಂದೇ. ಅದಕ್ಕೂ ಅವನೇ ಕಳ್ಳನಾಗಿದ್ದ.

ಮರುದಿನ ಕಲ್ಯಾಣಿ ರಜೆ ಹಾಕಿ ಕೂಸನ್ನು ನೋಡಿಕೊಂಡಳು. ಗದ್ದೆಪ್ಪ ದೇವದುರ್ಗದ ಬಸ್ಸು ಹತ್ತಿದ.

ಬಂದೇನವಾಜ್ ಖುಷಿಯಲ್ಲಿದ್ದ. ಸಮಿತಿಯವರು ಡಿಜೆ ಬಿಟ್ಟು ಬಳಗವನ್ನೇ ಕರೆದಿದ್ದರು. ವಲಿ ಪಾಷಾನ ಕೊನೆಯ ಹಾಡುಗಳೇ ಆಗಬೇಕು, ಅವನ ಹೆಂಡತಿಗೆ ಸನ್ಮಾನ ಎಂದಿದ್ದರು. ಒಂದೇ ಒಂದು ಮಾತು ಅವರದು. ಮುಂದೆ ಶಾಕಿರ್ ಹಾಡಲಿ. ರಾಯಚೂರಿನ ಹೈಸ್ಕೂಲಿನಲ್ಲಿ ಸಂಗೀತದ ಮೇಷ್ಟ್ರು, ವಯಸ್ಸಿನ ಹುಡುಗ, ಕಂಠ ಜೇನು. ಗದ್ದೆಪ್ಪ ಎಂದಿನ ಹಾಗೆ ಹಲಗೆ ಹಿಡಿದು ಹಿಂದೆ ನಿಂತರಾಯಿತು. ಇದನ್ನು ಬಂದೇನವಾಜ್ ಬಹಳ ನಾಜೂಕಾಗಿ, ಚಹಾ ತರಿಸಿ, ಬಿಸ್ಕತ್ತು ಮುಂದಿಟ್ಟು ಹೇಳಿದ.

“ಹಾಡು ನನ್ನವು, ಬಂದೇನವಾಜ್,” ಎಂದ ಗದ್ದೆಪ್ಪ. “ಆರೂ ನನ್ನವ. ಕೂಸು ತೂಗೂತ ಕಟ್ಟೀನಿ.”

ಬಂದೇನವಾಜ್ ಬಿಸ್ಕತ್ತು ಅದ್ದಿದ್ದ ಕೈಯನ್ನು ಹಾಗೇ ಹಿಡಿದ. ಬಿಸ್ಕತ್ತು ಮೆತ್ತಗಾಗಿ ಚಹಾದೊಳಗೆ ಬಿತ್ತು.

“ನಿನ್ನ ಬಾಯಿಲೆ ನೀನ ವಲಿ ಹೆಸರು ಹೇಳಿಯಲ್ಲೋ. ಸ್ಟುಡಿಯೋದಾಗ ಹೇಳಿದಿ, ನನ್ನ ಮುಂದ ಹೇಳಿದಿ. ಈಗ ಜನ ಹೊಗಳಾಕತ್ತ ಮ್ಯಾಲ ನಿಂದಾತೇನು?”

“ಅದು ರೂಢಿಯಾಗಿ ಬಂತು. ಆ ಗೌತಮ ನನ್ನ ಮೊಮ್ಮಗ.”

“ಹೌದಪ್ಪ, ಹಾಡು ಕೇಳಿ ಮೊಮ್ಮಗಗ ಹೆಸರಿಟ್ಟಿರ್ತಿ.” ಬಂದೇನವಾಜನ ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. “ಸತ್ತಾಂವ ಎದ್ದು ಬಂದು ಜಗಳಾಡಂಗಿಲ್ಲ ಅಂತ ಅವನ ಕೈಯಾಗಿಂದು ಕಸಗೋಬ್ಯಾಡ. ಅದೂ ನೀನು.”

ಗದ್ದೆಪ್ಪ ಚಹಾ ಮುಗಿಸದೆ ಎದ್ದ. ತಾನು ಕೂಡ ಬೇರೆಯವರ ಬಾಯಿಂದ ಇಂಥ ಮಾತು ಕೇಳಿದ್ದರೆ ಹೀಗೆಯೇ ಅನ್ನುತ್ತಿದ್ದೆ ಎಂದು ಅವನಿಗೆ ಅನ್ನಿಸಿತು.

ಉಳಿದದ್ದು ಒಂದೇ ಬಾಗಿಲು. ವಲಿ ಪಾಷಾನ ಹೆಂಡತಿ ಸುಗ್ರಾ ಬೇಗಂ. ಅವಳು ಒಂದು ಮಾತು ಹೇಳಿದರೆ ಬಂದೇನವಾಜನೂ ಒಪ್ಪುತ್ತಾನೆ, ಮೇಷ್ಟ್ರೂ ಒಪ್ಪುತ್ತಾರೆ. ಹೇಳದಿದ್ದರೆ? ಗಲ್ಲಿಯ ತುದಿಯವರೆಗೆ ಹೋದವನು ತಿರುಗಿ ಬಸ್ ನಿಲ್ದಾಣದ ಕಡೆ ನಾಲ್ಕು ಹೆಜ್ಜೆ ಹಾಕಿ, ಮತ್ತೆ ತಿರುಗಿದ.

ಸುಗ್ರಾ ಬೇಗಂ ಅಕ್ಕಿ ಆರಿಸುತ್ತ ಕೂತಿದ್ದಳು. ಮಗಳು ಫರ್ಹೀನ್ ಕಾಲೇಜಿಗೆ ಹೋಗಿದ್ದಳು. ಸುಗ್ರಾ ಬೇಗಂ ಮೊರ ಬದಿಗಿಟ್ಟು ಚಾಪೆ ಹಾಸಿ, ನೀರು ಕೊಟ್ಟು, ತಾನಾಗಿಯೇ ಮಾತು ತೆಗೆದಳು. ಗಂಡ ಹೋದ ಮೇಲೆ ನಾಲ್ಕು ತಿಂಗಳಿಗೆ ಜನ ಬರುವುದು ನಿಂತೇಹೋಗಿತ್ತಂತೆ. ಹಾಡು ಬಂದ ಮೇಲೆ ಮತ್ತೆ ಬಾಗಿಲಲ್ಲಿ ಚಪ್ಪಲಿ. ಕಾಲೇಜಿನವರು ಫರ್ಹೀನಳನ್ನು ಅಪ್ಪನ ಬಗ್ಗೆ ಮಾತಾಡಲು ಕರೆದಿದ್ದರಂತೆ. ಅಳದೆ ಮಾತಾಡಿ ಬಂದಳಂತೆ. ತೊಂದರೆಯೂ ಇಲ್ಲದಿಲ್ಲ. ಮೈದುನ ಬಂದು, ಅಣ್ಣ ಸಾಯುವ ಮುಂಚೆ ಹಾಡಿನಲ್ಲಿ ಗೌತಮ ಗೌತಮ ಅಂದದ್ದು ಯಾಕೆ, ಮನೆಯಲ್ಲಿ ಏನಾದರೂ ಹೇಳಿದ್ದನೇ ಎಂದು ಎರಡೆರಡು ಸಲ ಕೇಳಿಹೋಗಿದ್ದ. ಏನು ಉತ್ತರ ಕೊಡುವುದೋ ತಿಳಿಯದೆ ಅವಳು ಪ್ರತಿ ಸಲ ಚಹಾಕ್ಕೆ ಎದ್ದು ಹೋಗಿದ್ದಳು.

ಗದ್ದೆಪ್ಪ ಹೇಳಬೇಕೆಂದು ಬಾಯಿ ತೆರೆದ. ಅವಳೇ ಕೈ ತೋರಿಸಿ ತಡೆದಳು.

“ನಿಮ್ಮವು ಅಂತ ನನಗ ಗೊತ್ತದ, ಭಯ್ಯಾ.”

ಅವನು ನೀರಿನ ಲೋಟ ಕೆಳಗಿಟ್ಟ.

“ಫರ್ಹೀನ್ ಅಬ್ಬಾ ಜಗತ್ತೆಲ್ಲ ಹಾಡಿದ್ರು. ಜೈಲು, ಪೊಲೀಸು, ಗೌಡ, ಕೆನಾಲು. ನಮ್ಮ ಮನಿ ಒಲಿ ಯಾವ ಮೂಲ್ಯಾಗ ಅದ ಅಂತ ಕೇಳಿದ್ರ ಹೇಳಾಕ ಬರ್ತಿದ್ದಿಲ್ಲ. ಖರೇನ ಅತ್ತರೂ ಹೊಗಿ ಅಂತಾರ, ಅಂತ.” ಅವಳು ಆ ಸಾಲನ್ನು ಹಾಡದೆ, ಬರಿಯ ಮಾತಿನಂತೆ ಹೇಳಿದಳು. “ಇದು ನೋಡಿದಾಂವ ಕಟ್ಟಿದ ಮಾತು. ದುರುಗಮ್ಮನ ನೀವು ನೋಡೀರಿ. ಮೊದಲ ಸಲ ಕೇಳಿದಾಗ ನನ್ನ ಗಂಡ ನನ್ನನ್ನ ನೋಡಿದ್ದ ಅಂತ ಅನ್ಕೊಂಡು ಒಂದು ದಿನ ಕಳದೆ. ಮರುದಿನ ಗೊತ್ತಾತು.”

ಇಷ್ಟು ತಿಂಗಳಲ್ಲಿ ಆ ಹಾಡಿನ ಬಗ್ಗೆ ಸಾವಿರ ಜನ ಏನೇನೋ ಅಂದಿದ್ದರು. ಅದು ಯಾರದು ಎಂದು ಹಾಡಿನೊಳಗಿಂದಲೇ ಕಂಡುಕೊಂಡವಳು ಇವಳೊಬ್ಬಳು. ಗದ್ದೆಪ್ಪನಿಗೆ ಇನ್ನು ಸಾಕು, ಎದ್ದು ಹೋಗಿಬಿಡಬೇಕು ಅನ್ನಿಸಿತು. ಹೋಗಿದ್ದರೆ ಚೆನ್ನಾಗಿತ್ತು.

“ಹೇಳಬ್ಯಾಡ್ರಿ ಭಯ್ಯಾ,” ಎಂದಳು ಸುಗ್ರಾ ಬೇಗಂ. “ನಾನು ಕೇಳೋದು ತಪ್ಪದ. ಆದ್ರೂ ಕೇಳಾಕತ್ತೀನಿ. ಈ ಜಯಂತಿ ಮುಗೀಲಿ, ಹುಡುಗಿದು ಓದು ಮುಗೀಲಿ. ಅಲ್ಲಿತನ ಅವರು ಇರ್ಲಿ. ಹಾಡು ನಿಮ್ಮವು ಅಂದ್ರ ಅವರು ಮತ್ತೊಮ್ಮೆ ಹೋದಂಗ.”

ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವಳು ಅದನ್ನು ಒಪ್ಪಿಗೆ ಎಂದುಕೊಂಡಳು. ಹೊಸ್ತಿಲು ದಾಟುವಾಗ, ಹಾಗಾದರೆ ಆ ಗೌತಮ ಯಾರು ಎಂದು ಕೇಳಿದಳು. ಮೊಮ್ಮಗ ಎಂದಾಗ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಗದ್ದೆಪ್ಪನಿಗೆ ಇನ್ನಷ್ಟು ಭಾರವಾಯಿತು.

ಆ ದಿನದಿಂದ ಜಯಂತಿಯವರೆಗಿನ ಕಾಲ ಅವನಿಗೆ ಹೇಗೆ ಕಳೆಯಿತೋ. ಜೋಳಿಗೆಯ ಮುಂದೆ ಕೂತರೆ ಹಾಡು ಬರುತ್ತಿತ್ತು, ಕೊನೆಯ ನುಡಿಗೆ ಬಂದು ನಿಲ್ಲುತ್ತಿತ್ತು. ವಲಿ ಎಂದರೆ ಎದೆ ಉರಿಯುತ್ತಿತ್ತು. ತನ್ನ ಹೆಸರು ಇಟ್ಟು ನೋಡಿದ. ವಲಿ ಎನ್ನುವ ಹೆಸರು ಎರಡು ಹಗುರ ಪೆಟ್ಟಿನಲ್ಲಿ ಮುಗಿಯುತ್ತದೆ. ಗದ್ದೆಪ್ಪ ಎಂಬುದು ಒತ್ತಿನ ಮೇಲೆ ಒತ್ತು ಬಿದ್ದು ತಾಳವನ್ನು ದಾಟಿ ಆಚೆ ಹೋಗುತ್ತಿತ್ತು. ಹಿಂದೆ ನಿಲ್ಲುವವನಿಗೆ ಯಾರಾದರೂ ಹಾಡಿಗೆ ಕೂರುವ ಹೆಸರು ಯಾಕೆ ಇಡುತ್ತಾರೆ? ಒಂದು ದಿನ ಕಲ್ಯಾಣಿ ಆಸ್ಪತ್ರೆಯಿಂದ ಬಂದಾಗ ಕೂಸು ಅತ್ತು ಅತ್ತು ಕೆಂಪಾಗಿತ್ತು. ಮಾವ ಹಗ್ಗ ಹಿಡಿದು ಸುಮ್ಮನೆ ಕೂತಿದ್ದ. ಅವಳು ಬೈಯಲಿಲ್ಲ. ಕೂಸಿಗೆ ಹಾಲು ಕೊಟ್ಟು, ಮಾವನಿಗೆ ರೊಟ್ಟಿ ಪಲ್ಯ ಇಟ್ಟು, ತಿನ್ನುವವರೆಗೆ ಎದುರಿಗೇ ಕೂತಳು. ಈ ಮನೆಯಲ್ಲಿ ನಾವಿಬ್ಬರು ಬಲ್ಲೆವು, ಆನಂದನಿಗೂ ಹೇಳಿದ್ದೇನೆ, ಅಷ್ಟು ಸಾಲದೇ ಎಂದು ಕೇಳಿದಳು. ಸಾಲದವ್ವ ಎಂದು ಅವನು ಪ್ರಾಮಾಣಿಕವಾಗಿಯೇ ಹೇಳಿದ.

ಜಯಂತಿಯ ಸಂಜೆ ರಾಯಚೂರಿನ ಮೈದಾನ ತುಂಬಿತ್ತು. ನೀಲಿ ಬಾವುಟ, ನೀಲಿ ದೀಪ. ಮುಂದಿನ ಸಾಲಿನಲ್ಲಿ ಮಲ್ಲಯ್ಯ ಮೇಷ್ಟ್ರು. ವೇದಿಕೆಯ ಒಂದು ಬದಿಗೆ ಸುಗ್ರಾ ಬೇಗಂ. ಹೊದಿಸಿದ ಶಾಲು ಜಾರದಂತೆ ಹಿಡಿದು ತಲೆ ತಗ್ಗಿಸಿ ಕೂತಿದ್ದಳು. ಅವಳ ಪಕ್ಕದಲ್ಲಿ ಫರ್ಹೀನ್.

ಶಾಕಿರ್ ಒಲೆಯ ಹಾಡು ಎತ್ತಿದ. ಕೆಟ್ಟದಾಗಿ ಹಾಡಿದ್ದರೆ ಗದ್ದೆಪ್ಪನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಹುಡುಗ ಚೆನ್ನಾಗಿ ಹಾಡಿದ. ತನ್ನ ಎದೆಯಲ್ಲಿ ಉಬ್ಬಸದ ನಡುವೆ ತೊದಲುತ್ತ ಬಂದ ಸಾಲು ಇನ್ನೊಬ್ಬನ ಗಂಟಲಲ್ಲಿ ಇಷ್ಟು ನಯವಾಗಿ ಹೊರಳುತ್ತದೆ ಎಂದು ಅವನು ಎಣಿಸಿರಲಿಲ್ಲ. ಹೊಗೆಯ ಸಾಲಿಗೆ ಬಂದಾಗ ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಎದ್ದಿತು. ಹಲಗೆ ಬಾರಿಸುತ್ತಿದ್ದ ಗದ್ದೆಪ್ಪನ ಕಣ್ಣಲ್ಲೂ ನೀರು ಬಂತು. ಆ ನಿಟ್ಟುಸಿರು ನನ್ನದು, ನನಗೆ ಕೊಡಿ ಎಂದು ಕೂಗಬೇಕು ಅನ್ನಿಸಿತು.

ಕೊನೆಯ ನುಡಿ ಬಂತು. ಹೆಸರು ಕೇಳಿದರ ಹೇಳ್ರಿ ದೇವದುರ್ಗದ ವಲಿ ಎಂದು ಶಾಕಿರ್ ಹಾಡಿ ಬಿಟ್ಟ. ಹಿಂದಿನವನು ಪೂರ್ತಿ ತಿರುಗಿಸಿ ಹೇಳುವ ಸಾಲು. ಸುಗ್ರಾ ಬೇಗಂ ಕೇಳಿದ್ದು ನೆನಪಿತ್ತು. ಅವಳ ಶಾಲು ಕಾಣುತ್ತಿತ್ತು. ಅಷ್ಟಾದರೂ ಅವನು ಮೈಕಿಗೆ ಬಾಯಿ ಹಚ್ಚಿ ಹಾಡಿದ:

‘ಹೆಸರು ಕೇಳಿದರ ಹೇಳ್ರಿ ಕುರ್ಡಿಯ ಗದ್ದೆಪ್ಪ.’

ಹೆಸರು ತಾಳಕ್ಕೆ ಕೂರಲಿಲ್ಲ. ಹಲಗೆಯ ಒಂದು ಪೆಟ್ಟು ಗಾಳಿಯಲ್ಲಿ ತಪ್ಪಿ ಬಿತ್ತು. ಹಾರ್ಮೋನಿಯಂ ಮುಂದೆ ಹೋಗಿ ಹಿಂದೆ ತಿರುಗಿ ನೋಡಿತು. ಜನರಲ್ಲಿ ಒಂದಿಷ್ಟು ನಗು ಹರಿದಾಡಿತು. ಕುಹಕದ ನಗುವಲ್ಲ, ವಯಸ್ಸಾದವರು ಮದುವೆ ಮನೆಯಲ್ಲಿ ಒಬ್ಬರ ಹೆಸರಿಗೆ ಇನ್ನೊಬ್ಬರನ್ನು ಕರೆದಾಗ ನಗುತ್ತಾರಲ್ಲ, ಅಂಥ ನಗು. ಮಲ್ಲಯ್ಯ ಮೇಷ್ಟ್ರು ಮುಚ್ಚಿದ ಕಣ್ಣು ತೆರೆದು ಅಯ್ಯೋ ಎಂಬಂತೆ ತಲೆಯಾಡಿಸಿದರು.

ಶಾಕಿರ್ ಒಳ್ಳೆಯ ಹುಡುಗ. ಹಿರಿಯನ ಮಾನ ಉಳಿಸಬೇಕೆಂದು, ಏನೂ ಆಗಿಲ್ಲವೆಂಬಂತೆ ನಗುತ್ತ, ಅದೇ ಸಾಲನ್ನು ಇನ್ನೊಮ್ಮೆ ಎತ್ತಿದ. ದೇವದುರ್ಗದ ವಲಿ ಎಂದು ಬಿಡಿಸಿ ಬಿಡಿಸಿ ಹೇಳಿ, ತಿರುಗಿ ಗದ್ದೆಪ್ಪನ ಕಡೆ ಕೈ ಚಾಚಿದ. ಇಡೀ ಮೈದಾನ ಅವನ ಬಾಯಿ ನೋಡಿತು.

ಗದ್ದೆಪ್ಪನಿಗೆ ತನ್ನ ಹೆಸರು ಹೇಳಲು ಇನ್ನೊಂದು ಅವಕಾಶವಿತ್ತು. ಈ ಸಲ ಹೇಳಿದರೆ ಅದು ತಪ್ಪಲ್ಲ, ಬೇಕೆಂದೇ ಹೇಳಿದ್ದು ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಫರ್ಹೀನ್ ತುಟಿಯಾಡಿಸುತ್ತ ಅಪ್ಪನ ಹೆಸರಿಗೆ ಕಾಯುತ್ತಿದ್ದಳು. ಅವಳ ಮುಖದಲ್ಲಿ ಸಂಶಯದ ಒಂದು ಗೆರೆಯೂ ಇರಲಿಲ್ಲ. ಅವನು ಕಣ್ಣು ಮುಚ್ಚಿದ. ಬಾಯಿ ತೆರೆಯಿತು.

‘ದೇವದುರ್ಗದ ವಲಿ.’

ಹೆಸರು ಹೋಗಿ ತನ್ನ ಜಾಗದಲ್ಲಿ ಕೂತಿತು. ಹಲಗೆಯೂ ಸರಿಯಾಗಿ ಬಿತ್ತು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮಲ್ಲಯ್ಯ ಮೇಷ್ಟ್ರು ವೇದಿಕೆಯ ಹಿಂದೆ ಬಂದು ಗದ್ದೆಪ್ಪನ ಎರಡೂ ಕೈ ಹಿಡಿದುಕೊಂಡರು. ಪತ್ರಿಕೆಯಲ್ಲಿ ಬರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬಾರದು ಎಂದರು. ಪ್ರೀತಿ ಇದ್ದಲ್ಲಿಯೇ ಸಲುಗೆ ಎಂಬ ಅರ್ಥದ ಮಾತು ಆಡಿದರು.

“ಇವತ್ತು ನೋಡ್ರಿ, ನಿಮ್ಮ ಜಾಗದಾಗ ನಿಂತಾಗ ನಿಮ್ಮ ದನಿ ಎಷ್ಟು ಚಂದ ಕೇಳ್ತು! ಒಂದು ಹೆಸರು ತಪ್ಪಿತು, ಅದೇನು ದೊಡ್ಡದಲ್ಲ. ವಯಸ್ಸಾತು ನಮಗೆಲ್ಲ.”

ಹೌದ್ರಿ ಸರ್ ಎಂದ ಗದ್ದೆಪ್ಪ. ಮೇಷ್ಟ್ರು ಬೆನ್ನು ತಟ್ಟಿ ಹೋದರು.

ಅವರು ಹೋಗುವುದನ್ನೇ ಕಾದು ಸುಗ್ರಾ ಬೇಗಂ ಹತ್ತಿರ ಬಂದಳು. ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಸ್ವಲ್ಪ ಹೊತ್ತು ಅವನ ಮುಖ ನೋಡದೆ ಆಚೆ ಕುರ್ಚಿ ಎತ್ತುವವರನ್ನು ನೋಡಿದಳು.

“ಹೇಳೇಬಿಟ್ರಲ್ಲ ಭಯ್ಯಾ,” ಎಂದಳು.

“ಹೇಳಿದೆ, ತಂಗಿ. ಯಾರಿಗೂ ಕೇಳಿಲ್ಲ.”

ಆಚೆಯಿಂದ ಫರ್ಹೀನ್ ಕರೆದಳು, ಆಟೋದವನು ಹಾರನ್ ಹೊಡೆದ. ಬಂದೇನವಾಜ್ ಹಾರ್ಮೋನಿಯಂ ಪೆಟ್ಟಿಗೆಯ ಒಂದು ಕಡೆ ಹಿಡಿದು, ಇನ್ನೊಂದು ಕಡೆ ಹಿಡಿ ಬಾ ಎಂದ. ಗದ್ದೆಪ್ಪ ಹೋಗಿ ಹಿಡಿದ.